ಗಂಟಿಲ್ಲದ ನೂಲು

ನಮ್ಮ ನಡುಮನೆಯಲ್ಲಿ ಒಂದು ಗುಂಡಿಯಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಲ್ಯದ ಅರ್ಧ ಜಗಳಗಳು ಆ ಗುಂಡಿಯ ಸುತ್ತಲೇ ನಡೆದವು. ಅಪ್ಪ ಅದರೊಳಗೆ ಕಾಲು ಇಳಿಬಿಟ್ಟು ಕೂತು ಮಗ್ಗ ತುಳಿಯುತ್ತಿದ್ದ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎಲ್ಲರೂ ರೇಷ್ಮೆ ನೇಯುವವರೇ, ಎಲ್ಲರ ಮನೆಯಲ್ಲೂ ಇಂಥದೊಂದು ಗುಂಡಿ ಇದ್ದೇ ಇತ್ತು. ಆದರೆ ಬೇರೆಯವರು ಬುದ್ಧಿವಂತರು, ಗೋಡೆಯ ಬದಿಗೆ ತೋಡಿಕೊಂಡಿದ್ದರು. ನಮ್ಮ ತಾತ ಮಾತ್ರ ಬೆಳಕು ಚೆನ್ನಾಗಿ ಬೀಳಲಿ ಎಂದು ಮನೆಯ ನಟ್ಟನಡುವೆ ತೋಡಿಸಿದ್ದ. ಅಡುಗೆಮನೆಯಿಂದ ಜಗುಲಿಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಉಜ್ಜಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು ಸಾಗಬೇಕಿತ್ತು. ಅವ್ವ ಯಳಂದೂರಿನಿಂದ ಮದುವೆಯಾಗಿ ಬಂದ ದಿನ ಹೊಸ್ತಿಲ ಮೇಲಿನ ಸೇರು ಒದ್ದು ಬಲಗಾಲಿಟ್ಟು ಒಳಗೆ ಬಂದವಳು, ನಾಲ್ಕನೇ ಹೆಜ್ಜೆಗೆ ಗುಂಡಿಯೊಳಗಿದ್ದಳಂತೆ. ಆ ಸಿಟ್ಟು ಅವಳಿಗೆ ಕೊನೆಯವರೆಗೂ ಇಳಿಯಲಿಲ್ಲ. ಯಳಂದೂರು ಆಗ ಮಹಾರಾಜರ ಸೀಮೆ, ನಾವು ಕೊಯಮತ್ತೂರು ಜಿಲ್ಲೆಯವರು. ನಮ್ಮ ಕಚೇರಿಯ ಕಾಗದಗಳು ತಮಿಳಿನಲ್ಲಿ ಬರುತ್ತಿದ್ದವು. ಮನೆಯಲ್ಲಿ ಏನು ಕೆಟ್ಟರೂ ಅವ್ವ ಅದನ್ನು ಈ ಗಡಿಯ ಲೆಕ್ಕಕ್ಕೇ ಹಾಕುತ್ತಿದ್ದಳು.

"ನಮ್ ಮೈಸೂರ್ ಸೀಮೇಲಿ ಮನ ಕಟ್ಟಿ ಆಮೇಲೆ ಮಗ್ಗ ಮಡಗ್ತಾರ. ನಿಮ್ ತಾತ ಮಗ್ಗ ಮಡಗಿ ಸುತ್ತ ಗ್ವಾಡ ಎಬ್ಬುಸವ್ನ."

ಅಪ್ಪ ಮಗ್ಗ ತುಳಿಯುತ್ತಲೇ ಇರುತ್ತಿದ್ದ. ಅವನ ಕಣ್ಣು, ಕಿವಿ ಎರಡೂ ನೂಲಿನಲ್ಲಿರುತ್ತಿದ್ದವು. ಇಷ್ಟು ಒಳ್ಳೆಯ ಕೈ, ಇಷ್ಟು ಮಂದ ತಲೆ ಒಂದೇ ಮೈಯಲ್ಲಿ ಹೇಗೆ ಸೇರಿದವೋ ಎಂದು ನಾನು ಇಂದಿಗೂ ತಲೆ ಚಚ್ಚಿಕೊಳ್ಳುತ್ತೇನೆ. ನನ್ನ ಕೆಲಸ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುವುದು. ಕೇಳಲು ಸುಲಭ. ಆದರೆ ಆಗಿನ ನಾಟಿ ನೂಲು ಒಂದು ಕಡೆ ತೆಳು, ಒಂದು ಕಡೆ ದಪ್ಪ, ನಡುನಡುವೆ ಸಾಸಿವೆ ಕಾಳಿನಂಥ ಗಂಟುಗಳು. ಬೆರಳಿಗೆ ಗಂಟು ತಗುಲಿದ ಕೂಡಲೇ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿ ತೆಗೆದು, ಎಳೆಗೆ ಎಳೆ ಹೊಸೆದು ಮುಂದುವರಿಯಬೇಕು. ನನ್ನ ಕೆಳದುಟಿಯ ಮೇಲೆ ವರ್ಷವಿಡೀ ಒಂದು ಸೀಳು ಇರುತ್ತಿತ್ತು. ಉಪ್ಸಾರಿನ ಖಾರ ತಗುಲಿದರೆ ಜೀವ ಹೋಗುತ್ತಿತ್ತು. ಬೀದಿಯ ಬೇರೆ ಹುಡುಗಿಯರು ಇಸ್ಕೂಲಿಗೆ ಹೋಗುವಾಗ ನಾನು ಗಂಟು ಕಚ್ಚುತ್ತಿದ್ದೆ.

ಆ ನೂಲು ಬರುತ್ತಿದ್ದದ್ದು ಮಾದಮ್ಮತ್ತೆಯ ಮನೆಯಿಂದ. ಮಾದಮ್ಮತ್ತೆ ಅಪ್ಪನ ಒಬ್ಬಳೇ ತಂಗಿ. ಹನೂರಿನ ಆಚೆ ಒಂದು ಹಟ್ಟಿಗೆ ಕೊಟ್ಟಿದ್ದರು. ಮಾವ ಹಿಪ್ಪುನೇರಳೆ ಸೊಪ್ಪು ಬೆಳೆದು ಹುಳು ಸಾಕುತ್ತಿದ್ದ, ಅತ್ತೆ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಚರಕದಲ್ಲಿ ನೂಲು ತೆಗೆಯುತ್ತಿದ್ದಳು. ತಿಂಗಳಿಗೊಮ್ಮೆ ಹಳೆ ಸೀರೆಯಲ್ಲಿ ನೂಲಿನ ಲಡಿಗಳನ್ನು ಗಂಟು ಕಟ್ಟಿ, ಇದ್ದಿಲ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಬರುತ್ತಿದ್ದಳು. ಅವಳಿಗಿಂತ ಮೊದಲು ಅವಳ ವಾಸನೆ ಬರುತ್ತಿತ್ತು. ಬೆಂದ ಹುಳುವಿನ ವಾಸನೆ ಎಷ್ಟು ಮಿಂದರೂ ಹೋಗುವುದಿಲ್ಲ. ಅವ್ವ ಬಚ್ಚಲಿಗೆ ಬಿಸಿನೀರು ತುಂಬಿಸಿಯೇ ಕಾದಿರುತ್ತಿದ್ದಳು.

"ಮಾದವ್ವ, ಮೊದ್ಲು ಮಿಂದ್ಕ ಬಾ. ನೀನಂಗೇ ಒಳ್ಗ ಬಂದ್ರ ನನ್ ಮುದ್ದೆ ಕೂಡ ಉಳಾಗಿ ಎದ್ ಓಯ್ತದ."

"ಆ ಉಳಿಂದ್ಲೇ ಕಣತ್ಗೆ ನಿನ್ ಮನ ಒಲ ಉರಿಯಾದು."

ಇಬ್ಬರೂ ನಗುತ್ತಿದ್ದರು. ಅತ್ತೆಯ ಕೈ ಮಾತ್ರ ನೋಡಲಾಗುತ್ತಿರಲಿಲ್ಲ. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬೆರಳುಗಳೆಲ್ಲ ಬಿಳಿಚಿ, ಸುಕ್ಕುಗಟ್ಟಿ, ಬೆರಳ ಸಂದಿಗಳು ಒಡೆದು ಕೆಂಪಾಗಿರುತ್ತಿದ್ದವು. ಮುದ್ದೆ ಮುರಿಯುವಾಗ ಅವಳು ಎರಡು ಬೆರಳು ಎತ್ತಿ ಹಿಡಿದೇ ಮುರಿಯುತ್ತಿದ್ದಳು. ಊಟವಾದ ಮೇಲೆ ಅಣ್ಣತಂಗಿಯರ ನಿತ್ಯದ ಜಗಳ ಶುರುವಾಗುತ್ತಿತ್ತು. ಅಪ್ಪ ಲಡಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಲ್ಲಿ ಸವರುತ್ತ ಮುಖ ಸಿಂಡರಿಸುತ್ತಿದ್ದ.

"ಏನ್ಲೇ ಮಾದಿ ಇದು, ನೂಲಾ ಮುಳ್ಬೇಲಿನಾ? ಈ ಕೂಸಿನ್ ಬಾಯ್ ನೋಡು, ಕಚ್ಚಿ ಕಚ್ಚಿ ಕಿತ್ತೋಗದ."

ಅತ್ತೆ ನನ್ನ ಗಲ್ಲ ಹಿಡಿದು ತುಟಿ ನೋಡಿ, ಲೊಚಗುಟ್ಟಿ ಹೇಳುತ್ತಿದ್ದಳು:

"ನಿನ್ ದಾರೆ ಸೀರೆಗ ಒಂದ್ ಗಂಟೂ ಇಲ್ದಂಗ ನೂಲ್ ತೆಗ್ದು ಕೊಡ್ತೀನಿ ಕಣ್ ಕೂಸೇ. ನಾನೇ ತತ್ತೀನಿ."

"ನಿನ್ ಕೈಲಾ? ಈ ಜಲ್ಮದಲ್ಲಾ?" ಎಂದು ಅಪ್ಪ ಗುಂಡಿಯೊಳಗಿನಿಂದ ನಗುತ್ತಿದ್ದ.

ಇಷ್ಟೆಲ್ಲ ಬೈದರೂ ಅವಳ ನೂಲು ಬಿಟ್ಟು ಬೇರೆ ನೂಲು ನಮ್ಮ ಮಗ್ಗಕ್ಕೆ ಏರುತ್ತಿರಲಿಲ್ಲ. ಪ್ರತಿವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನದ ಜೊತೆ ಅವಳಿಗೊಂದು ಸೀರೆ. ಅದೂ ಅವಳು ತಂದ ನೂಲಿನದೇ. ಅವಳು ತೆಗೆದದ್ದನ್ನು ಇವನು ನೇಯ್ದು ಅವಳಿಗೇ ಉಡಿಸಬೇಕು. ಇದು ತಾತನ ಕಾಲದಿಂದ ನಡೆದು ಬಂದ ವಾಡಿಕೆ. ಸೀರೆಯ ಮೇಲೆ ಗಂಟುಗಳು ಎದ್ದು ಕಾಣುತ್ತಿದ್ದವು. ಅತ್ತೆ ಬೆರಳಿಟ್ಟು ತೋರಿಸಿ, "ಇದು ಮಳ ಬಂದಿತ್ತಲ್ಲ ಆವತ್ತಿಂದು, ಸೌದ ನೆಂದೋಗಿತ್ತು" ಎಂದು ನೆನಪು ಮಾಡಿಕೊಳ್ಳುತ್ತಿದ್ದಳು.

ಯುದ್ಧದ ವರ್ಷಗಳು ಅತ್ತೆಯ ಪಾಲಿಗೆ ಸುಗ್ಗಿ. ಹೊರದೇಶದ ನೂಲು ನಿಂತುಹೋಗಿತ್ತು, ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕೆಂದು ಸರಕಾರವೇ ಕೊಳ್ಳುತ್ತಿತ್ತು. ಮಾವ ರಾಗಿ ಹೊಲವನ್ನೂ ಹಿಪ್ಪುನೇರಳೆಗೆ ತಿರುಗಿಸಿದ. ಹಾಗೆ ಮಾಡಿ ಎಂದು ಹಟ್ಟಿಗೆ ಬಂದು ಹೇಳಿ ಹೋದವರು ಅಧಿಕಾರಿಗಳೇ. ಯುದ್ಧ ಮುಗಿಯಿತು. ಅದೇ ಸರಕಾರ ಈಗ ಬಾಗಿಲು ತೆರೆಯಿತು. ಯಾರು ಎಲ್ಲಿಂದ ಬೇಕಾದರೂ ನೂಲು ತರಿಸಬಹುದು, ಯಾರು ಬೇಕಾದರೂ ಮಾರಬಹುದು, ಅಗ್ಗವಾದದ್ದು ಗೆಲ್ಲುತ್ತದೆ, ಅದರಿಂದ ಎಲ್ಲರಿಗೂ ಒಳ್ಳೆಯದು. ಈ 'ಎಲ್ಲರೂ' ಯಾರು ಎಂದು ಕೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ಬೀದಿಯ ತುದಿಯ ನೂಲಿನಂಗಡಿಯ ಯಜಮಾನರು ಒಂದು ಬೆಳಿಗ್ಗೆ ಹೊರದೇಶದ ಸೀಮೆನೂಲು ತಂದು ಅಪ್ಪನ ತೊಡೆಯ ಮೇಲಿಟ್ಟರು. ಹಕ್ಕಿಯ ಚಿತ್ರವಿದ್ದ ಕಾಗದದೊಳಗೆ ಹಾಲಿನ ಕೆನೆಯಂಥ ಬಿಳಿ ಲಡಿಗಳು.

"ಮುಟ್ಟಿ ನೋಡಪ್ಪ. ನಿಮ್ ನಾಟಿ ನೂಲಿಗಿಂತ ಅಗ್ಗ. ಬೇಕಾದ್ರೆ ತಗೊ, ಬ್ಯಾಡ್ದಿದ್ರೆ ಬಿಡು. ಬಲವಂತ ಏನಿಲ್ಲ."

ಈ 'ಬಲವಂತ ಏನಿಲ್ಲ' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದು. ಆಮೇಲೆ ಎಷ್ಟು ಸಲ ಕೇಳಿದೆನೆಂದರೆ, ಈಗ ಯಾವ ಅಂಗಡಿಯವನು ಆ ಮಾತಾಡಿದರೂ ಚೀಲ ಎತ್ತಿಕೊಂಡು ಹೊರಗೆ ಬಂದುಬಿಡುತ್ತೇನೆ. ಕತ್ತಿ ಹಿಡಿದು ಬಂದವನ ಜೊತೆ ಜಗಳವಾದರೂ ಆಡಬಹುದು. ಬಲವಂತ ಇಲ್ಲ ಎನ್ನುವವನ ಜೊತೆ ಏನೆಂದು ಆಡುವುದು?

ಅಪ್ಪ ಆ ಲಡಿಯನ್ನು ಹೆಬ್ಬೆರಳಿನಲ್ಲಿ ಸವರಿದ. ಈ ತುದಿಯಿಂದ ಆ ತುದಿಯವರೆಗೆ ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಅವನ ಮುಖ ನೋಡಬೇಕಿತ್ತು, ಕೂಸು ಹುಟ್ಟಿದಾಗಲೂ ಅಷ್ಟು ಅರಳಿರಲಿಕ್ಕಿಲ್ಲ. ಮೂವತ್ತು ವರ್ಷ ಗಂಟಿನ ಜೊತೆ ಹೊಡೆದಾಡಿದ ಮನುಷ್ಯ. ಅವನನ್ನು ಬೈಯಲು ಹೊರಟ ನಾನು ನನ್ನದನ್ನೂ ಹೇಳಬೇಕು. ಆ ನೂಲಿನಿಂದ ನನಗೆ ಸುಖವಾಯಿತು. ರಾಟೆ ತನ್ನಷ್ಟಕ್ಕೆ ಓಡುತ್ತಿತ್ತು. ಅರ್ಧ ದಿನದ ಕೆಲಸ ಬೆಳಗಿನ ಬಿಸಿಲು ಜಗುಲಿಗೆ ಬರುವಷ್ಟರಲ್ಲಿ ಮುಗಿಯುತ್ತಿತ್ತು. ತುಟಿ ವಾಸಿಯಾಯಿತು. ಅವ್ವ ನನ್ನನ್ನು ಇಸ್ಕೂಲಿಗೆ ಹಾಕಿದಳು. ಇವತ್ತು ನನ್ನ ಬದುಕಿನ ಈ ಅಧ್ಯಾಯ ಬರೆಯುತ್ತಿರುವ ಅಕ್ಷರ ನಾನು ಕಲಿತದ್ದು ಅತ್ತೆಯ ನೂಲು ನಮ್ಮ ಮನೆಗೆ ಬೇಡವಾದದ್ದರಿಂದಲೇ. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೆಯೇ ರೇಗುತ್ತದೆ, ಆದರೆ ಕಲಿತದ್ದನ್ನು ಮರೆಯುವುದು ಹೇಗೆ?

ಮುಂದಿನ ತಿಂಗಳು ಅತ್ತೆ ಬಂದಳು, ಮಿಂದಳು, ಉಂಡಳು. ಅಪ್ಪ ಗುಂಡಿಯಿಂದ ಮೇಲೆ ಬರಲಿಲ್ಲ.

"ಈ ದಪ ಬ್ಯಾಡ ಕಣ್ ಮಾದಿ. ಅಂಗಡಿಯೋರ್ಗ ಕೊಟ್ಬುಡು."

ನಾನು ಅವಳ ಜೊತೆ ಅಂಗಡಿಗೆ ಹೋದೆ. ಯಜಮಾನರು ಲಡಿಯನ್ನು ಮುಟ್ಟಲೂ ಇಲ್ಲ. ಸೌದೆಯ ಖರ್ಚೂ ಹುಟ್ಟದಂಥ ಬೆಲೆ ಹೇಳಿದರು. ಅತ್ತೆ ಲಡಿಗಳನ್ನು ಕಂಕುಳಿಗೆ ಅವಚಿಕೊಂಡಳು.

"ಕೊಡಲೇಬೇಕು ಅಂತಿಲ್ಲ ಕಣಮ್ಮ. ಬಲವಂತ ಏನಿಲ್ಲ."

"ಬಲ್ವಂತ ಇಲ್ಲ ಬುದ್ಧಿ, ಸರಿ. ಬ್ಯಾರ ದಾರಿ ಎಲ್ಲದ, ಅದ್ನೂ ಯೋಳಿ."

ಅದಕ್ಕೆ ಅವರು ಎಲೆ ಅಡಿಕೆ ಹಾಕಿಕೊಂಡರು. ನಾವು ಲಡಿಗಳನ್ನು ಹಾಗೆಯೇ ಮನೆಗೆ ತಂದೆವು. ಅಪ್ಪನಿಗೆ ಮುಜುಗರವಾಗಿ ಅವನ್ನು ತಾನೇ ಇಟ್ಟುಕೊಂಡು ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದ, ಗೋಡೆಯ ಗೂಟಕ್ಕೆ ನೇತುಹಾಕಿದ. ಎರಡು ತಿಂಗಳ ಮೇಲೆ ಅತ್ತೆ ಮತ್ತೆ ಬಂದಾಗ ಅವು ಅಲ್ಲಿಯೇ ಇದ್ದವು, ಮೇಲೆ ಜೇಡರಬಲೆ. ಅತ್ತೆ ಅದನ್ನು ನೋಡಿದಳು. ಸೆರಗಿನಿಂದ ಬಲೆ ಒರೆಸಿದಳು. ಅವಳು ಅಂದೇ ಎರಡು ಮಾತು ಬೈದಿದ್ದರೆ ಅಪ್ಪನ ತಲೆಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ಇಬ್ಬರದೂ ಒಂದೇ ಹಟಮಾರಿ ರಕ್ತ. ಒಬ್ಬರು ಹೇಳುವುದಿಲ್ಲ, ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಆ ವರ್ಷದ ಗೌರಿಗೆ ಅಪ್ಪ ತನ್ನ ಬದುಕಿನ ಅತಿ ದೊಡ್ಡ ತಪ್ಪನ್ನು ಮಾಡಿದ. ಅದನ್ನು ಪ್ರೀತಿಯಿಂದ ಮಾಡಿದ, ಅದೇ ನನಗೆ ತಡೆಯಲಾಗದ ಸಂಗತಿ. ತಂಗಿಗೆ ಇದುವರೆಗೂ ಗಂಟುಗಂಟಿನ ಸೀರೆ ಉಡಿಸಿದ್ದೇನೆ, ಈ ಸಲ ಅಂಥದೊಂದು ಸೀರೆ ಉಡಿಸುತ್ತೇನೆ, ಹನೂರಿನ ದಾರಿಯಲ್ಲಿ ಜನ ನಿಂತು ನೋಡಬೇಕು ಎಂದು ಹಟ ಹಿಡಿದು ಸೀಮೆನೂಲಿನಲ್ಲಿ ನೇಯ್ದ. ದಾಳಿಂಬೆ ಹೂವಿನ ಬಣ್ಣ, ಹಸಿರು ಅಂಚು. ಬಾಯಿಪಾಠ ಮಾಡಿದವನಂತೆ ಸರಾಗವಾಗಿ ನೇಯ್ದ. ಅವ್ವ ಒಂದು ಸಲ ಎಚ್ಚರಿಸಿದಳು.

"ಅವ್ಳ್ ನೂಲು ಗೂಟ್ದಲ್ಲಿ ನೇತಾಡ್ತಾ ಅದ. ಅದ್ರಲ್ಲಿ ನೇಯ್ಬಾರ್ದಾ?"

"ನಿನ್ಗ ಗೊತ್ತಾಯ್ತದಾ ನೂಲಿನ್ ಇಚಾರ? ತಂಗಿಗ ಒಳ್ಳೇದ್ ಕೊಡ್ದೆ ಇನ್ಯಾರ್ಗ ಕೊಡ್ಲಿ?"

ಹಬ್ಬದ ಬೆಳಿಗ್ಗೆ ಅತ್ತೆ ಬಂದಳು. ಅವಳ ವಾಸನೆ ಮೊದಲು ಬರಲಿಲ್ಲ, ಬರೀ ಅವಳು ಬಂದಳು. ನನಗೆ ಗೆಜ್ಜೆವಸ್ತ್ರ ಕೊಡಲು ಕೈ ಚಾಚಿದಾಗ ನೋಡುತ್ತೇನೆ, ಬೆರಳುಗಳು ವಾಸಿಯಾಗಿವೆ. ಸಂದಿಗಳು ಕೂಡಿಕೊಂಡಿವೆ, ಉಗುರಿಗೆ ಬಣ್ಣ ಬಂದಿದೆ. ನನಗೆ ಅಷ್ಟರಲ್ಲೇ ಗೊತ್ತಾಯಿತು, ಅವಳ ಒಲೆ ಆರಿ ಎಷ್ಟೋ ವಾರವಾಗಿದೆ. ಅಪ್ಪನಿಗೂ ಕಂಡಿತು. ಅವನು ಏನಂದ ಗೊತ್ತೇ?

"ಓ, ಕೈ ವಾಸಿ ಆಗದಲ್ಲ ಮಾದಿ! ಒಳ್ಳೇದಾಯ್ತು."

ಅವ್ವ ಹಣೆ ಚಚ್ಚಿಕೊಂಡಳು. ಮೊರದ ಬಾಗಿನ ಕೊಟ್ಟಾಯಿತು, ಬಳೆ, ಅರಿಸಿನ, ಕುಂಕುಮ ಎಲ್ಲ ಆಯಿತು. ಅಪ್ಪ ಸೀರೆಯನ್ನು ತಾನೇ ಬಿಚ್ಚಿ ಹರಡಿದ. ನಡುಮನೆಯ ಬೆಳಕಿನಲ್ಲಿ ಅದು ನೀರು ಹರಿದಂತೆ ಹೊಳೆಯಿತು. ಅತ್ತೆಯ ಬಾಯಿಂದ "ಅಬ್ಬಾ" ಎಂಬ ಮಾತು ಬಂದೇಬಿಟ್ಟಿತು. ರೂಢಿಯಂತೆ ಹೆಬ್ಬೆರಳಿನಿಂದ ಸವರಿದಳು. ಬೆರಳು ನಿಲ್ಲಲಿಲ್ಲ. ಅವಳೇ ನಿಂತುಬಿಟ್ಟಳು.

"ಒಂದ್ ಗಂಟಿಲ್ಲ ನೋಡು," ಎಂದ ಅಪ್ಪ, "ಸೀಮೆನೂಲು!"

ಅತ್ತೆ ಸೀರೆಯನ್ನು ನಿಧಾನವಾಗಿ ಮಡಿಸಿದಳು. ಅಂಚಿಗೆ ಅಂಚು ಕೂಡಿಸಿ, ಒಂದು ಸುಕ್ಕೂ ಬೀಳದಂತೆ ಮಡಿಸಿ ಅಪ್ಪನ ಮುಂದೆ ಇಟ್ಟಳು.

"ಅಣ್ಣಯ್ಯ, ನನ್ ಒಲ ಆರ್ಸುದ್ ನೂಲ ತಂದು ನನ್ಗೇ ಉಡುಸ್ತಿಯಲ್ಲ, ನಿನ್ಗ ಬುದ್ಧಿ ಅದಾ? ನಿನ್ ಬಾವ ಸೊಪ್ಪಿನ್ ಗಿಡ ಬೇರ್ ಸಮೇತ ಕಿತ್ತು ಸೌದ ಮಾಡವ್ನ. ಅದೇ ಸೌದೇಲಿ ಅಂಬ್ಲಿ ಕಾಯಿಸ್ಕಂಡು ಕುಡ್ದು ಬಂದಿವ್ನಿ ಇವತ್ತು."

"ಮೊದ್ಲೇ ಯಾಕ್ ಯೋಳ್ನಿಲ್ಲ?"

"ಗೂಟ ಯೋಳ್ನಿಲ್ವಾ?"

ಮೊರದ ಬಾಗಿನ ತೆಗೆದುಕೊಂಡಳು. ಸೀರೆ ಬಿಟ್ಟಳು. ತವರಿನ ಗೌರಿ ಸೀರೆ ಬಿಟ್ಟು ಹೋದ ಹೆಣ್ಣು ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅಪ್ಪ ರೇಗಿ ಕೂಗಾಡಿದ, ಬೀದಿಯವರೆಗೂ ಬಂದು ಕೂಗಾಡಿದ. ಆಮೇಲೆ ಗುಂಡಿಗೆ ಇಳಿದು ಕೂತ. ಹಬ್ಬದ ದಿನ ಮಗ್ಗ ಮುಟ್ಟಬಾರದು, ಹಾಗಾಗಿ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದ. ಆ ವರ್ಷವೇ ಅತ್ತೆ, ಮಾವ ಬಿಳಿಗಿರಿ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋದರೆಂದು ಸಂತೆಗೆ ಬಂದವರು ಹೇಳಿದರು. ನೂಲು ತೆಗೆಯುವ ಕೈ ಹಣ್ಣು ಬಿಡಿಸುತ್ತಿದೆ ಎಂದು ಕೇಳಿ ಅಪ್ಪ ಎರಡು ದಿನ ಗುಂಡಿಗೆ ಇಳಿಯಲಿಲ್ಲ. ಹೋಗಿ ಕರೆದುಕೊಂಡು ಬನ್ನಿ ಎಂದು ಅವ್ವ ಎಷ್ಟು ಹೇಳಿದರೂ ಹೋಗಲಿಲ್ಲ. "ಸೀರ ಬಿಟ್ಟೋಳು ಅವ್ಳು" ಎಂಬುದೊಂದೇ ಜಪ.

ನಮ್ಮ ಸರದಿ ಬರಲು ತಡವಾಗಲಿಲ್ಲ. ಹುಳುವೇ ಬೇಡದ ರೇಷ್ಮೆ ಬಂತು. ಯಾವುದೋ ಊರಿನ ಕಾರ್ಖಾನೆಯಲ್ಲಿ ಮಾಡಿದ ನಕಲಿ ನೂಲು, ಅದನ್ನು ನೇಯಲು ಕರೆಂಟಿನ ಮಗ್ಗ. ಅಂಗಡಿಗಳಲ್ಲಿ ಥಳಥಳ ಹೊಳೆಯುವ ಸೀರೆಗಳು, ಅಪ್ಪನ ಒಂದು ಸೀರೆಯ ಬೆಲೆಗೆ ಮನೆಮಂದಿಗೆಲ್ಲ ಬರುವಂಥವು. ಅಪ್ಪ ತನ್ನ ಸೀರೆ ಹೊತ್ತು ಹೋದರೆ ಅದೇ ಯಜಮಾನರು ಬಟ್ಟೆಯ ತುದಿಯನ್ನೂ ಮುಟ್ಟದೆ ಹೇಳಿದರು:

"ಒಳ್ಳೇ ಮಾಲೇ ಕಣಪ್ಪ. ಕೇಳೋರಿಲ್ಲ. ಈ ರೇಟಿಗೆ ಕೊಡಂಗಿದ್ರೆ ಕೊಡು. ಬಲವಂತ ಏನಿಲ್ಲ."

ಅಪ್ಪ ಮನೆಗೆ ಬಂದು ಚೊಂಬು ಎಸೆದ. ಸರಕಾರವನ್ನು ಬೈದ, ಕೊಯಮತ್ತೂರನ್ನು ಬೈದ, ಕೊಳ್ಳುವ ಹೆಂಗಸರನ್ನು ಬೈದ. ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲು ಬಿಟ್ಟು ಎದ್ದು ಬಂದಳು.

"ಅಗ್ಗ ಸಿಕ್ತು ಅಂತ ತಂಗಿ ನೂಲ್ ಬುಟ್ಟಾಗ ನೀವೂ ಕೊಂಡ್ಕಳೋರೇ ಆಗಿದ್ರಿ. ಈಗ ಅವ್ರು ಅಗ್ಗ ಸಿಕ್ತು ಅಂತ ನಿಮ್ನ ಬುಟ್ರು. ಅವ್ರ್ನ ಯಾಕ್ ಬೈದೀರಿ?"

ಆ ಮನೆಯಲ್ಲಿ ಇಷ್ಟು ಸರಿಯಾದ ಮಾತು ಇನ್ನೊಂದು ಆಡಿದ್ದನ್ನು ನಾನು ಕೇಳಿಲ್ಲ. ಎರಡು ವರ್ಷ ತಿಣುಕಾಡಿ ಅಪ್ಪ ಮಗ್ಗದ ಮರ ಬಿಚ್ಚಿ ಮಾರಿದ, ಗುಂಡಿಗೆ ಮಣ್ಣು ತುಂಬಿಸಿ ಸಗಣಿ ಸಾರಿಸಿದ. ಬಟ್ಟೆಯಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿ ಎಸೆದ ನಕಲಿ ಸೀರೆಗಳನ್ನು ಮಡಿಸಿಡುವ ಕೆಲಸ ಸಿಕ್ಕಿತು. ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಿದ್ದನಂತೆ. ಮದುವೆಯಾದಂದಿನಿಂದ ಆ ಗುಂಡಿಯನ್ನು ಶಪಿಸಿದ್ದ ಅವ್ವ, ಅದು ಮುಚ್ಚಿದ ಮೇಲೂ ಗೋಡೆಗೆ ಬೆನ್ನು ಉಜ್ಜಿಕೊಂಡೇ ಓಡಾಡುತ್ತಿದ್ದಳು. ನಡುವೆ ಕಾಲಿಡುತ್ತಿರಲಿಲ್ಲ. ಕೇಳಿದರೆ ರೇಗುತ್ತಿದ್ದಳು.

ನನ್ನ ಮದುವೆ ನಿಶ್ಚಯವಾಯಿತು. ಅವ್ವ ಯಾರ ಮಾತೂ ಕೇಳದೆ ಬೆಟ್ಟದ ತೋಟಕ್ಕೆ ಹೇಳಿಕಳಿಸಿದಳು. ಅತ್ತೆ ಬರುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಧಾರೆಗೆ ನಾಲ್ಕು ದಿನವಿರುವಾಗ ಬೆಳಿಗ್ಗೆ ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಆ ವಾಸನೆ ಬಂತು. ತಲೆ ಎತ್ತಿದರೆ ಮಾದಮ್ಮತ್ತೆ, ಕಂಕುಳಲ್ಲಿ ಹಳೆ ಸೀರೆಯ ಗಂಟು. ಬೆರಳುಗಳು ಬಿಳಿಚಿ ಒಡೆದಿದ್ದವು. ಹೊಸ್ತಿಲ ಹೊರಗೆ ನಿಂತಳು. ಅವ್ವ ಕೈ ಹಿಡಿದು ಒಳಗೆ ಎಳೆದುಕೊಂಡಳು, ಮೀಯುವ ಮಾತೇ ಎತ್ತಲಿಲ್ಲ. ಅತ್ತೆ ಗಂಟು ಬಿಚ್ಚುತ್ತಲೇ ಮಾತಾಡಿದಳು.

"ಅಟ್ಟಿಗ್ ಓಗಿ ಒಂದ್ ಬೆಳ ಉಳ ಸಾಕ್ದಿ. ಸೊಪ್ಪ ಪಕ್ಕದ್ ಅಟ್ಟಿಯೋರ ಕಾಲ್ ಇಡ್ದು ತಂದಿ. ಕೂಸ್ಗ ಮಾತ್ ಕೊಟ್ಟಿದ್ನಲ್ಲ. ತಕ ಅಣ್ಣಯ್ಯ, ನಾಕ್ ದಿನದಲ್ಲಿ ನೇಯ್ಬುಡ್ತಿಯಲ್ಲ ನೀನು..."

ಅಷ್ಟು ಹೇಳಿ ತಿರುಗಿದಳು. ಎದುರಿಗೆ ಸಾರಿಸಿದ ನೆಲ. ಗೂಟವಿಲ್ಲ, ಮರವಿಲ್ಲ, ಗುಂಡಿಯಿಲ್ಲ.

"ಗುಂಡಿ ಎಲ್ಲಿ?"

"ಮುಚ್ಚುಸ್ದಿ ಕಣ್ ಮಾದಿ," ಎಂದ ಅಪ್ಪ.

ಅತ್ತೆ ನೆಲದ ನಡುವೆ ಹೋಗಿ, ಅಂಗೈಯಿಂದ ಸಗಣಿ ಸಾರಿಸಿದ ಜಾಗವನ್ನು ತಟ್ಟಿ ನೋಡಿದಳು. ಆಮೇಲೆ ಅಲ್ಲೇ ಕೂತು ಗೊಳೋ ಎಂದು ಅತ್ತಳು. ತನ್ನ ಒಲೆ ಆರಿದಾಗ ಅಳದವಳು ಅಣ್ಣನ ಗುಂಡಿಗೆ ಅತ್ತಳು. ಅಪ್ಪನೂ ಅತ್ತ. ನನಗೆ ಇಬ್ಬರ ಮೇಲೂ ಕೋಪ ಬಂತು. ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಇದನ್ನು ಎಂದು ಕಿರುಚಬೇಕೆನಿಸಿತು, ಕಿರುಚಿದೆನೋ ಏನೋ ನೆನಪಿಲ್ಲ. ಅಳು ನಿಂತ ಮೇಲೆ ಅತ್ತೆ ಮೂಗು ಒರೆಸಿಕೊಂಡು ಅವ್ವನ ಕಡೆ ತಿರುಗಿದಳು.

"ಅತ್ಗೆ, ಆವತ್ತು ನಾನ್ ಬುಟ್ಟೋದ್ ಸೀರ ಅದಾ?"

ಪೆಟ್ಟಿಗೆಯ ತಳದಿಂದ ದಾಳಿಂಬೆ ಬಣ್ಣದ ಸೀರೆ ಬಂತು. ಅತ್ತೆ ಅದನ್ನು ನನ್ನ ಹೆಗಲ ಮೇಲೆ ಹಾಕಿ, ದೂರ ನಿಂತು ನೋಡಿದಳು.

"ಇದ್ನೇ ಉಡ್ಸು ಅತ್ಗೆ, ದಾರೆಗ. ಒಳ್ಳೇ ಸೀರೆನೇ ಕಣ್ ಅಣ್ಣಯ್ಯ. ಅದ್ಕೇ ಒಟ್ಟ ಅಷ್ಟು ಉರ್ದುದ್ದು."

ಅಪ್ಪ ಅತ್ತೆ ತಂದ ಲಡಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಎಂದಿನಂತೆ ಹೆಬ್ಬೆರಳಿಟ್ಟು ಸವರತೊಡಗಿದ. ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಸವರಿದ.

"ಒಂದ್ ಗಂಟೂ ಇಲ್ವಲ್ಲ ಮಾದಿ."

"ಎಲ್ಲಾನೂ ನಾನೇ ಕಚ್ಚಿ ತೆಗ್ದಿ," ಎಂದಳು ಅತ್ತೆ. ಆಗ ನೋಡಿದೆ, ಅವಳ ಕೆಳದುಟಿ ಸೀಳಿತ್ತು.

ಅವಳು ಆ ಲಡಿಯನ್ನು ನನ್ನ ಮಡಿಲಕ್ಕಿಯ ಜೊತೆ ಕಟ್ಟಿ ಕಳಿಸಿದಳು. ಅದು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಬಣ್ಣ ಹಳದಿಗೆ ತಿರುಗಿದೆ, ವಾಸನೆ ಹೋಗಿಲ್ಲ. ಅದನ್ನು ಯಾರೂ ನೇಯಲಿಲ್ಲ.